ಎರಡು ಮಕ್ಕಳು, ಒಂದು ಮಂಗಲ, ಐದು ದಿನ: ಏಪ್ರಿಲ್ ಕೊನೆಯ ಕೊಡಗು

ಮದುವೆಯಾದ ಹೊಸತರಲ್ಲಿ ನಾವಿಬ್ಬರೇ ಕೊಡಗಿಗೆ ಹೋಗಿದ್ದಾಗ ಎರಡು ದಿನದಲ್ಲಿ ಅಬ್ಬಿ, ರಾಜಾಸೀಟ್, ದುಬಾರೆ, ತಲಕಾವೇರಿ ಎಲ್ಲ ಮುಗಿಸಿ ಬಂದಿದ್ದೆವು. ಈ ಸಲ ಜೊತೆಗೆ ಐದು ತುಂಬಲಿದ್ದ ಮಗಳು, ಹತ್ತು ತಿಂಗಳ ಮಗ. ಇವರ ಕಾಲೇಜು ಗೆಳೆಯನ ತಂಗಿಯ ಮಂಗಲಕ್ಕೆ, ಅಂದರೆ ಕೊಡವರ ಮದುವೆಗೆ, ಕರೆ ಬಂದಿತ್ತು. ಗೆಳೆಯನ ಮನೆ ನಾಪೋಕ್ಲು ಕಡೆ, ಕಾಫಿ ತೋಟದ ಮಧ್ಯೆ. ಮಗಳ ಹುಟ್ಟುಹಬ್ಬವೂ ಅದೇ ವಾರ. ಬಂದ ಮೇಲೆ ಇದೇ ಬೇಸಿಗೆ ರಜೆಯಲ್ಲಿ ಹೊರಟಿರುವ ಮೂರ್ನಾಲ್ಕು ಮನೆಯವರು ಫೋನ್ ಮಾಡಿ ಕೇಳಿದರು. ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಬೆಳಿಗ್ಗೆ ಒಂದೇ ಜಾಗ, ಮಧ್ಯಾಹ್ನ ಮನೆ, ಸಂಜೆ ಜನರ ಜೊತೆ. ಪುಟ್ಟ ಮಕ್ಕಳಿದ್ದರೆ ಇದಕ್ಕಿಂತ ಹೆಚ್ಚು ತುಂಬಿಸಬೇಡಿ.

ಮೊದಲು ದಾರಿ. ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ ಎನ್ನುವುದೂ ಒಳ್ಳೆಯ ಲೆಕ್ಕವೇ. ನಾವು ಕಾರಿನಲ್ಲಿ ಬೆಂಗಳೂರಿಂದ ಬೆಳಿಗ್ಗೆ ಐದಕ್ಕೆ ಹೊರಟೆವು. ಮಕ್ಕಳನ್ನು ನಿದ್ದೆಯಲ್ಲೇ ಎತ್ತಿ ಕೂರಿಸಿದ್ದು ದೊಡ್ಡ ಉಪಕಾರವಾಯಿತು. ಮೈಸೂರು ದಶಪಥ ಊರುಗಳನ್ನೆಲ್ಲ ತಪ್ಪಿಸಿಕೊಂಡು ಹೋಗುತ್ತದೆ. ಮಗುವಿಗೆ ಹಾಲು ಕುಡಿಸಬೇಕು, ಬಟ್ಟೆ ಬದಲಿಸಬೇಕು ಎಂದರೆ ಎಲ್ಲಿ ಇಳಿಯುತ್ತೀರಿ ಎಂದು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಮೈಸೂರು ದಾಟಿದರೆ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ. ಕುಶಾಲನಗರದಿಂದ ಮಡಿಕೇರಿ ಸುಮಾರು ಮೂವತ್ತು ಕಿಲೋಮೀಟರ್. ಸುಂಟಿಕೊಪ್ಪ ದಾಟಿದ ಮೇಲೆ ತಿರುವುಗಳು ಶುರು. ಬೈಲಕುಪ್ಪೆಯ ಹತ್ತಿರ ಮಗಳಿಗೆ ಹೊಟ್ಟೆ ತುಂಬ ಮಸಾಲೆ ದೋಸೆ ತಿನ್ನಿಸಿದ್ದೆ. ತಿರುವಿನಲ್ಲಿ ಪೂರ್ತಿ ಹೊರಗೆ ಬಂತು. ಕುಶಾಲನಗರಕ್ಕೆ ಮುಂಚೆ ಇಡ್ಲಿಯೋ ಬಾಳೆಹಣ್ಣೋ ಅಷ್ಟೇ ಸಾಕು. ಕೈಗೆ ಸಿಗುವಂತೆ ಪ್ಲಾಸ್ಟಿಕ್ ಕವರು, ಒಂದು ಜೊತೆ ಬಟ್ಟೆ, ಒದ್ದೆ ಟವೆಲ್ ಇರಲಿ. ಪೆಟ್ರೋಲ್, ನಗದು, ಮಗುವಿನ ಡೈಪರ್, ಜ್ವರದ ಔಷಧ ಎಲ್ಲವನ್ನೂ ಕುಶಾಲನಗರ ಇಲ್ಲವೇ ಮಡಿಕೇರಿಯಲ್ಲೇ ಮುಗಿಸಿಕೊಳ್ಳಿ. ಒಳಗಿನ ಊರುಗಳಲ್ಲಿ ಅಂಗಡಿ ಬೇಗ ಮುಚ್ಚುತ್ತವೆ. ಗುಡುಗು ಬಂದರೆ ಕರೆಂಟೂ ಹೋಗುತ್ತದೆ, ಅದರ ಹಿಂದೆಯೇ ಫೋನಿನ ಸಿಗ್ನಲ್ಲೂ ಹೋಗುತ್ತದೆ. ನಾವು ಮ್ಯಾಪ್ ನಂಬಿ ಒಂದು ತೋಟದ ಕೆಲಸಗಾರರ ಲೈನ್‌ಮನೆಗಳ ಹಿಂದೆ ಹೋಗಿ ನಿಂತೆವು. ಮನೆಯವರಿಗೆ ಫೋನ್ ಮಾಡಿ, ಯಾವ ಬಸ್‌ಸ್ಟಾಪು, ಯಾವ ಅಂಗಡಿ ಎಂದು ಬರೆದುಕೊಂಡು ಹೋಗಿ.

ಬೈಲಕುಪ್ಪೆಯ ಚಿನ್ನದ ಬುದ್ಧನ ದೇವಾಲಯ, ಕಾವೇರಿ ನಿಸರ್ಗಧಾಮ ಎರಡೂ ದಾರಿಯಲ್ಲೇ ಸಿಗುತ್ತವೆ. ಬರುವಾಗ ಒಂದು, ಹೋಗುವಾಗ ಒಂದು ಎಂದು ಹಂಚಿಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ದೇವಾಲಯದ ಒಳಗಿನ ತಂಪು ಹಿತ. ಮಗ ಆ ದೊಡ್ಡ ಮೂರ್ತಿಗಳನ್ನು ನೋಡುತ್ತಾ ಅಳು ಮರೆತ. ನಿಸರ್ಗಧಾಮದ ಬಿದಿರು ಮೆಳೆಯ ನೆರಳೂ ಚೆನ್ನ. ಆದರೆ ಅಲ್ಲಿಯಾಗಲಿ ದುಬಾರೆಯಲ್ಲಾಗಲಿ, ಬೇಸಿಗೆಯಲ್ಲಿ ನೀರು ಕಮ್ಮಿ ಕಾಣಿಸುತ್ತದೆಂದು ಮಕ್ಕಳ ಕೈ ಬಿಡಬೇಡಿ. ಬಂಡೆ ಪಾಚಿಗಟ್ಟಿರುತ್ತದೆ, ಎರಡು ಹೆಜ್ಜೆ ಆಚೆ ಗುಂಡಿ ಇರುತ್ತದೆ. ಪ್ರತಿ ಬೇಸಿಗೆಯೂ ಕಾವೇರಿಯಲ್ಲಿ ಮುಳುಗಿದವರ ಸುದ್ದಿ ಬರುತ್ತದೆ. ನಮ್ಮ ಮನೆಯಲ್ಲಿ ನೀರಿಗಿಳಿಯುವುದೇ ಬೇಡವೆಂದು ತೀರ್ಮಾನ ಮಾಡಿಕೊಂಡೆವು. ದುಬಾರೆಯಲ್ಲಿ ಆನೆ ಸ್ನಾನ ನೋಡಬೇಕಾದರೆ ಬೆಳಿಗ್ಗೆ ಬೇಗ ಹೋಗಬೇಕು. ಹತ್ತು ಗಂಟೆಯ ಮೇಲೆ ಹೋದರೆ ಜನರನ್ನು ನೋಡಿ ಬರುತ್ತೀರಿ.

ಇನ್ನು ಮಂಗಲ. ನಮ್ಮ ಪ್ರವಾಸದ ಹೃದಯವೇ ಅದು. ಏಪ್ರಿಲ್, ಮೇ ತಿಂಗಳು ಕೊಡಗಿನಲ್ಲಿ ಮದುವೆಗಳ ಕಾಲ. ನಿಮಗೆ ಯಾರಾದರೂ ಕೊಡವ ಸ್ನೇಹಿತರು ಕರೆದರೆ ನೆಪ ಹೇಳದೆ ಹೋಗಿ. ಕೊಡವರ ಮದುವೆಯಲ್ಲಿ ಪುರೋಹಿತರಿರುವುದಿಲ್ಲ, ಹಿರಿಯರೂ ಬಂದವರೂ ಕೊಡುವ ಆಶೀರ್ವಾದವೇ ಮದುವೆ. ವಧು ಮುಕ್ಕಾಲಿಯ ಮೇಲೆ ಕೂತಿರುತ್ತಾಳೆ. ಎದುರಿಗೆ ದೀಪ, ತಟ್ಟೆಯಲ್ಲಿ ಅಕ್ಕಿ. ನಿಮ್ಮ ಸರದಿ ಬಂದಾಗ ಅಕ್ಕಿ ತೆಗೆದು ಮಂಡಿ, ಭುಜ, ತಲೆಗೆ ಹಾಕಿ, ಕಿಂಡಿಯಿಂದ (ಮೂತಿಯಿರುವ ಚೊಂಬು) ಒಂದು ಗುಟುಕು ಹಾಲು ಕುಡಿಸಿ, ಉಡುಗೊರೆಯ ಹಣ ಕೈಗಿಡಬೇಕು. ಗೆಳೆಯನ ಹೆಂಡತಿ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಚೊಂಬು ಹಿಡಿಸಿ ನನಗೆ ಇದನ್ನೆಲ್ಲ ಕಲಿಸಿಕೊಟ್ಟಿದ್ದರಿಂದ ಕೈ ನಡುಗಲಿಲ್ಲ. ನೀವೂ ಸಂಕೋಚಪಡದೆ ಕೇಳಿ ಕಲಿತುಕೊಳ್ಳಿ. ಕೇಳಿದರೆ ಅವರಿಗೆ ಖುಷಿಯೇ. ವರ ಬಿಳಿ ಕುಪ್ಯ (ಉದ್ದನೆಯ ಅಂಗಿ), ಕೆಂಪು ಚೇಲೆ (ಸೊಂಟಪಟ್ಟಿ), ಸೊಂಟದಲ್ಲಿ ಪೀಚೆಕತ್ತಿ ಎಂಬ ಕಿರುಗತ್ತಿಯೊಂದಿಗೆ ಬರುತ್ತಾನೆ. ಬಾಳೆದಿಂಡು ಕಡಿಯುವ ಶಾಸ್ತ್ರದ ಹೊತ್ತಿಗೆ ಮಕ್ಕಳನ್ನು ಎತ್ತಿಕೊಂಡೇ ನಿಲ್ಲಿ, ಅಲ್ಲಿ ಬೀಸುವುದು ನಿಜವಾದ ಕತ್ತಿ.

ಗಂಗಾಪೂಜೆ ತಪ್ಪಿಸಿಕೊಳ್ಳಬೇಡಿ. ಹೊಸ ಮದುವಣಗಿತ್ತಿ ಬಾವಿಯಿಂದ ನೀರು ತುಂಬಿಕೊಂಡು ತಲೆಯ ಮೇಲಿಟ್ಟು ಮನೆ ಕಡೆ ಹೊರಡುತ್ತಾಳೆ. ದಾರಿಗೆ ಅಡ್ಡವಾಗಿ ನೆಂಟರು ವಾಲಗಕ್ಕೆ ಕುಣಿಯುತ್ತಲೇ ಇರುತ್ತಾರೆ, ಬಿಡುವುದೇ ಇಲ್ಲ. ಅವಳು ಒಂದು ಹೆಜ್ಜೆ ಇಡುತ್ತಾಳೆ, ಮತ್ತೆ ನಿಲ್ಲುತ್ತಾಳೆ. ಬಿಂದಿಗೆಯಿಂದ ತುಳುಕಿದ ನೀರು ಅವಳ ತಲೆವಸ್ತ್ರದ ಅಂಚಿನಲ್ಲಿ ಹನಿ ಹನಿಯಾಗಿ ಇಳಿದು, ರೇಷ್ಮೆ ಸೀರೆಯ ಭುಜ ಕಡುಕೆಂಪಾಗಿತ್ತು. ಮಗಳು ನನ್ನ ಸೆರಗು ಎಳೆದು, "ಅಮ್ಮಾ, ಅಕ್ಕನಿಗೆ ಕುತ್ತಿಗೆ ನೋಯಲ್ವಾ? ಬಿಡಿ ಅಂತ ಹೇಳು ಅವರಿಗೆ" ಎಂದಳು. ಆಮೇಲೆ ತಾನೇ ಹೋಗಿ ಕುಣಿಯುವವರ ಸಾಲಿನಲ್ಲಿ ಸೇರಿಕೊಂಡಳು. ಇದು ಗಂಟೆಗಟ್ಟಲೆ ನಡೆಯುತ್ತದೆ, ರಾತ್ರಿಯಾಗುತ್ತದೆ. ಹಾಗಾಗಿ ಅಂದು ಮಧ್ಯಾಹ್ನ ಮಕ್ಕಳನ್ನು ಚೆನ್ನಾಗಿ ಮಲಗಿಸಿ. ಒಂದು ಸ್ವೆಟರ್, ಒಂದು ಚಾದರ ಇಟ್ಟುಕೊಳ್ಳಿ. ಬಿಸಿಲಿಳಿದರೆ ತಣ್ಣಗಾಗುತ್ತದೆ.

ಊಟದಲ್ಲಿ ಪಂದಿಕರಿ (ಹಂದಿಮಾಂಸದ ಸಾರು), ಕಡಂಬುಟ್ಟು (ಅಕ್ಕಿತರಿಯ ಕಡುಬು), ಕೋಳಿ, ತುಪ್ಪದನ್ನ ಇರುತ್ತವೆ. ನಾವು ಸಸ್ಯಾಹಾರಿಗಳು. ಮುಂಚೆಯೇ ಹೇಳಿದ್ದರಿಂದ ಬೇರೆಯಾಗಿ ಬಡಿಸಿದರು. ಅಕ್ಕಿ ಒಟ್ಟಿ (ರೊಟ್ಟಿ), ನೂಪುಟ್ಟು (ಒತ್ತುಶಾವಿಗೆ), ಕಾಡುಮಾವಿನ ಕರಿ ಸಿಕ್ಕರೆ ಮತ್ತೇನು ಬೇಕು? ಸಣ್ಣ ಕಾಡುಮಾವಿನಹಣ್ಣನ್ನು ಇಡಿಯಾಗಿ ಬೆಲ್ಲ, ಖಾರ ಹಾಕಿ ಬೇಯಿಸುತ್ತಾರೆ. ಇದು ಬೇಸಿಗೆಯಲ್ಲಿ ಮಾತ್ರ ಸಿಗುವುದು, ಬಿಡಬೇಡಿ. ಮಗನಿಗೆ ನೂಪುಟ್ಟನ್ನು ಹಾಲಿನಲ್ಲಿ ಮೆತ್ತಗೆ ಕಿವುಚಿ ಕೊಟ್ಟೆ. ಐದು ದಿನವೂ ಅವನು ಬೇರೆ ಏನನ್ನೂ ಕೇಳಲಿಲ್ಲ.

ಹುಟ್ಟುಹಬ್ಬದ ಕೇಕಿನ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಬೆಂಗಳೂರಿಂದಲೇ ಕ್ರೀಮ್ ಕೇಕು ಕಟ್ಟಿಸಿಕೊಂಡು ಹೋಗಿದ್ದೆ. ಸೆಕೆಗೆ ಕರಗಿ, ತಿರುವಿಗೆ ಜಾರಿ, ಡಬ್ಬಿ ತೆಗೆದಾಗ ಮಗಳ ಹೆಸರಿನ ಒಂದಕ್ಷರವೂ ಉಳಿದಿರಲಿಲ್ಲ. ಅವಳ ತುಟಿ ನಡುಗಿತು. ಗೆಳೆಯನ ತಾಯಿ, ಆ ಮನೆಯ ಮಕ್ಕಳೆಲ್ಲ ಅಜ್ಜಿಗೆ ಕರೆಯುವ ಹಾಗೆ ನನ್ನ ಮಗಳೂ ಅವರನ್ನು ಎರಡೇ ದಿನಕ್ಕೆ 'ತಾಯಿ' ಎನ್ನಲು ಶುರು ಮಾಡಿದ್ದಳು, "ಬಾ ಕುಂಞಿ (ಮಗು)" ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಅಕ್ಕಿತರಿ, ತೆಂಗಿನತುರಿ, ಹಾಲು ಕಲಸಿ ದುಂಡನೆಯ ತಟ್ಟೆಗೆ ಹೊಯ್ದು ಪಾಪುಟ್ಟು ಹಬೆಗಿಟ್ಟರು. ಮೇಲೆ ತುರಿ ಉದುರಿಸುವ ಕೆಲಸ ಮಗಳದು. ಬೆಂದು ಬಂದದ್ದು ಬೆಳ್ಳಗೆ, ಗುಂಡಗೆ, ಕೇಕಿನ ಹಾಗೇ ಇತ್ತು. ಅದರ ಮೇಲೆ ಐದು ಮೇಣದಬತ್ತಿ ಚುಚ್ಚಿ, ಜೇನು ಸುರಿದು, ತೋಟದ ಕೆಲಸದವರ ಮಕ್ಕಳನ್ನೂ ಕರೆದು ಕತ್ತರಿಸಿದೆವು. ಆ ಹೊತ್ತಿಗೆ ಆಲಿಕಲ್ಲು ಮಳೆ ಬಂದು ಕರೆಂಟ್ ಹೋಯಿತು. ಮೇಣದಬತ್ತಿ ಆರಿಸಲು ಮಗಳು ಒಪ್ಪಲೇ ಇಲ್ಲ. ಕೇಕೇ ಬೇಕೆಂದರೆ ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಬೇಕರಿಗೆ ಹೇಳಿಡಿ.

ಏಪ್ರಿಲ್-ಮೇನಲ್ಲಿ ಹೋಗುವವರು ಕೊಡವ ಕೌಟುಂಬಿಕ ಹಾಕಿ ಹಬ್ಬ ಆ ವರ್ಷ ಎಲ್ಲಿದೆ ಎಂದು ವಿಚಾರಿಸಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ್ದು. ಪ್ರತಿ ವರ್ಷ ಒಂದು ಮನೆತನ ಆತಿಥ್ಯ ವಹಿಸುತ್ತದೆ, ಹಬ್ಬಕ್ಕೆ ಅದೇ ಮನೆತನದ ಹೆಸರು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಹಬ್ಬಕ್ಕೆ 360 ಮನೆತನಗಳ ತಂಡ ಬಂದು ಗಿನ್ನೆಸ್ ದಾಖಲೆಯಾಯಿತು. ಒಂದೇ ತಂಡದಲ್ಲಿ ನರೆಗೂದಲಿನ ಮಾವ, ಕಾಲೇಜು ಹುಡುಗ, ಸೊಸೆ, ಶಾಲೆಗೆ ಹೋಗುವ ಹುಡುಗಿ ಸೇರಿ ಆಡುವುದನ್ನು ಬೇರೆಲ್ಲೂ ನಾನು ಕಂಡಿಲ್ಲ. ಆಟದ ನಿಯಮ ಗೊತ್ತಿಲ್ಲದ ಮಗಳೂ ಒಂದು ತಂಡ ಆರಿಸಿಕೊಂಡು ಗಂಟಲು ಕಟ್ಟುವಷ್ಟು ಕೂಗಿದಳು. ಬೆಳಗಿನ ಪಂದ್ಯಗಳಿಗೆ ಹೋಗಿ. ಟೋಪಿ, ನೀರು, ಮಗುವಿಗೆ ತೆಳು ಹತ್ತಿ ಬಟ್ಟೆ ಬೇಕೇ ಬೇಕು, ಮೈದಾನದ ಬಿಸಿಲು ಸುಡುತ್ತದೆ.

ಜಾಗಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಬ್ಬಿಯಲ್ಲಿ ಈ ಕಾಲಕ್ಕೆ ನೀರು ಸೊರಗಿರುತ್ತದೆ, ಮೆಟ್ಟಿಲು ಇಳಿದು ಹತ್ತುವಾಗ ಮಗುವನ್ನು ಹೊರಬೇಕು. ನಾವು ಬಿಟ್ಟೆವು. ಮಾಂದಲ್‌ಪಟ್ಟಿಯ ಜೀಪು ದಾರಿ ಕೈಕೂಸಿಗೆ ಸಲ್ಲದು. ತಲಕಾವೇರಿಗೆ ಬೆಳಿಗ್ಗೆ ಬೇಗ ಹೋಗಿ, ಮೊದಲು ಭಾಗಮಂಡಲದಲ್ಲಿ ಸಂಗಮ ನೋಡಿ. ತುಲಾ ಸಂಕ್ರಮಣದ ನೂಕುನುಗ್ಗಲು ಈಗಿರುವುದಿಲ್ಲ, ಮಗುವನ್ನೆತ್ತಿಕೊಂಡು ನೆಮ್ಮದಿಯಾಗಿ ಕೈಮುಗಿಯಬಹುದು. ನನಗೆ ತುಂಬ ಹಿಡಿಸಿದ್ದು ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟ, 1748 ಮೀಟರ್, ಅಲ್ಲೇ ಹಿಂದೆ. ಹತ್ತುವ ಶಕ್ತಿ ಇಲ್ಲದವರು ಅರಮನೆಯ ಅಂಗಳದಲ್ಲಿ ಕೂತರೂ ಸಾಕು. ಮಡಿಕೇರಿಯಲ್ಲಿ ಮಳೆ ಹಿಡಿದರೆ ಜನರಲ್ ತಿಮ್ಮಯ್ಯನವರು ಬೆಳೆದ 'ಸನ್ನಿಸೈಡ್' ಮನೆಗೆ ಹೋಗಿ. 2021ರಿಂದ ಅದು ವಸ್ತುಸಂಗ್ರಹಾಲಯ. ಹೊರಗಿಟ್ಟ ಯುದ್ಧ ಟ್ಯಾಂಕ್ ಬಿಟ್ಟು ಮಗಳು ಕದಲಲಿಲ್ಲ.

ಕಾಫಿ ಹೂವು ನೋಡಲೇಬೇಕೆನ್ನುವವರು ಏಪ್ರಿಲ್ ಕೊನೆಗೆ ಹೋದರೆ ತಡವಾಗುತ್ತದೆ. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಸಾಮಾನ್ಯವಾಗಿ ಅದು ಮಾರ್ಚ್‌ನಿಂದ ಏಪ್ರಿಲ್ ಮೊದಲ ಭಾಗದೊಳಗೆ. ಹೋಂಸ್ಟೇ ಬುಕ್ ಮಾಡುವವರು ನೆಲಮಹಡಿಯ ಕೋಣೆ, ಬಿಸಿನೀರು, ಕರೆಂಟಿಲ್ಲದಾಗ ಇನ್ವರ್ಟರ್, ಮನೆ ಹತ್ತಿರದ ಕೆರೆಗೆ ಬೇಲಿ, ನಿಮ್ಮ ಕಾರು ಅಂಗಳದವರೆಗೆ ಬರುತ್ತದೆಯೇ, ಇಷ್ಟನ್ನು ಫೋನಿನಲ್ಲೇ ಕೇಳಿ.

ಇನ್ನೊಂದು ಗಟ್ಟಿಯಾಗಿ ಹೇಳಬೇಕು. ಸಂಜೆ ಆರರೊಳಗೆ ಮನೆ ಸೇರಿ. ಹಲಸು ಹಣ್ಣಾಗುವ ಕಾಲವಿದು, ವಾಸನೆಗೆ ಆನೆಗಳು ತೋಟಕ್ಕೆ ಇಳಿಯುತ್ತವೆ. ನಾವಿದ್ದ ಮೂರನೇ ದಿನ ಬೆಳಿಗ್ಗೆ ಅಂಗಳದಿಂದ ನೂರು ಹೆಜ್ಜೆಯಲ್ಲಿ ಹಲಸಿನ ತೊಳೆ ಚೆಲ್ಲಾಡಿತ್ತು, ಪಕ್ಕದ ಕಾಫಿ ಗಿಡ ಮಲಗಿತ್ತು, ಹಸಿ ಮಣ್ಣಲ್ಲಿ ಮೊರದಗಲದ ಹೆಜ್ಜೆ. ಗೆಳೆಯ ಮಗಳ ಪಾದವನ್ನು ಅದರೊಳಗೆ ಇಡಿಸಿ ತೋರಿಸಿದ. ಅವಳ ಪಾದ ಒಂದು ಮೂಲೆಗೂ ಸಾಲಲಿಲ್ಲ. ತೋಟದವರು ದಿನವೂ ಈ ಭಯದಲ್ಲೇ ಕೆಲಸಕ್ಕೆ ಹೋಗುತ್ತಾರೆ. ದಾರಿಯಲ್ಲಿ ಆನೆ ಕಂಡರೆ ಕಾರು ನಿಲ್ಲಿಸಿ ಫೋಟೊಕ್ಕೆ ಇಳಿಯಬೇಡಿ, ಹಾರನ್ ಒತ್ತಬೇಡಿ, ಸದ್ದಿಲ್ಲದೆ ಹಿಂದಕ್ಕೆ ಸರಿಯಿರಿ.

ವಾಪಸ್ ಬರುವಾಗ ಕರಿಮೆಣಸು, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ), ಜೇನು ತಂದೆವು. ಬೆಣ್ಣೆಹಣ್ಣು ಈಗ ಬರುವ ಕಾಲ. ಗಟ್ಟಿಯಾದದ್ದನ್ನೇ ಆರಿಸಿ, ಹಣ್ಣಾದದ್ದು ಡಿಕ್ಕಿಯ ಸೆಕೆಗೆ ಕೊಳೆತುಹೋಗುತ್ತದೆ. ತಾಯಿ ಅಕ್ಕಿ ಡಬ್ಬಿಯಲ್ಲಿ ಹೂತಿಡಲು ಹೇಳಿದ್ದರು. ನಾಲ್ಕನೇ ದಿನಕ್ಕೆ ಮೆತ್ತಗಾಯಿತು. ಮಗನಿಗೆ ಚಮಚದಲ್ಲಿ ತಿನ್ನಿಸುವಾಗ ಮಗಳು ಬೀಜ ತೆಗೆದುಕೊಂಡು ನೀರಿನ ಲೋಟದಲ್ಲಿಟ್ಟಿದ್ದಾಳೆ, ಮುಂದಿನ ಬೇಸಿಗೆಗೆ ತಾಯಿಗೆ ಗಿಡ ಕೊಡಬೇಕಂತೆ.