ಕಾರಿಗಾಗಿ ಕಾದಿಟ್ಟ ಹುಲ್ಲುಗಾವಲು

ಜರ್ಮನಿಯ ಫ್ರೈಬುರ್ಗ್ ನಗರಕ್ಕೆ ಹೋಗಿ ವೋಬಾಂ ಬಡಾವಣೆಯಲ್ಲಿ ಉಳಿಯುವವರು ದಯವಿಟ್ಟು ಕಾರು ತೆಗೆದುಕೊಂಡು ಹೋಗಬೇಡಿ. ರೈಲು ನಿಲ್ದಾಣದ ಮೇಲಿನ ಸೇತುವೆಯಲ್ಲೇ ಟ್ರಾಮ್ ಸಿಗುತ್ತದೆ. ಮೂರನೆಯ ನಂಬರಿನದು ನೇರ ಅಲ್ಲಿಗೇ ಹೋಗುತ್ತದೆ. ನಾವು ಸ್ಟುಟ್‌ಗಾರ್ಟ್‌ನಿಂದ ಕಾರಿನಲ್ಲಿ ಹೋದೆವು. ಬೀದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ ಎಂದು ತಿಳಿದು, ಅದನ್ನು ಬಡಾವಣೆಯ ಅಂಚಿನ ಗ್ಯಾರೇಜಿನಲ್ಲಿ ಬಿಟ್ಟು ಜಿಟಿಜಿಟಿ ಮಳೆಯಲ್ಲಿ ಎರಡು ಪೆಟ್ಟಿಗೆಗಳನ್ನು ಎಳೆದುಕೊಂಡು ನಡೆದೆವು. ಸಾಮಾನು ಇಳಿಸಲು ಮನೆಯ ಬಾಗಿಲವರೆಗೂ ಬರಬಹುದಿತ್ತು ಎಂಬುದು ಗೊತ್ತಾದದ್ದು ಆಮೇಲೆ. ನನ್ನ ಮಂಡಿ ಇನ್ನೂ ಅದನ್ನು ಮರೆತಿಲ್ಲ.

ನಗರದ ದೊಡ್ಡ ಚರ್ಚು, ಬ್ಲ್ಯಾಕ್ ಫಾರೆಸ್ಟ್ ಕಾಡು ಎಲ್ಲವನ್ನೂ ಎರಡು ದಿನಗಳಲ್ಲಿ ನೋಡಿದೆವು. ಕಾಡಿನ ಹೆಸರಿನ ಕೇಕ್ ಮಾತ್ರ ನನಗೆ ಹಿಡಿಸಲಿಲ್ಲ. ಚೆರ್ರಿ ಮದ್ಯದ ಘಾಟು ವಿಪರೀತ.

ಮೂರನೆಯ ದಿನ ಮಳೆ ನಿಂತಿತ್ತು. ಬೀದಿಯ ನಟ್ಟನಡುವೆ ಮೂರು ಮಕ್ಕಳು ಸೀಮೆಸುಣ್ಣದಲ್ಲಿ ಮೀನು ಬರೆಯುತ್ತಿದ್ದರು. ಯಾರೂ ಅವರನ್ನು ಕಾಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ನನ್ನ ಮಗಳು ಬೆಳೆದದ್ದು ‘ಗಾಡಿ ಬರುತ್ತಿದೆ, ಪಕ್ಕಕ್ಕೆ ಬಾ’ ಎಂಬ ನನ್ನ ಕೂಗನ್ನು ಕೇಳುತ್ತಲೇ. ನಾನು ಅಲ್ಲೇ ನಿಂತುಬಿಟ್ಟೆ.

ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ನಕ್ಕು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಜೊತೆಗಿದ್ದ ನನ್ನ ಅಣ್ಣನ ಮಗ ಅವರ ಜರ್ಮನ್ ಮಾತನ್ನು ನನಗೆ ಕನ್ನಡದಲ್ಲಿ ಹೇಳುತ್ತಾ ಹೋದ. ಇದು ಫ್ರೆಂಚ್ ಸೈನ್ಯದ ಶಿಬಿರವಾಗಿದ್ದ ಜಾಗ. 1992ರಲ್ಲಿ ಸೈನ್ಯ ಹೊರಟುಹೋಯಿತು. ಕಾರಿಲ್ಲದೆ ಬದುಕುತ್ತೇವೆ ಎಂದು ಹಲವು ಕುಟುಂಬಗಳು ಮುಂದೆ ಬಂದವು. ಆದರೆ ಅದು ಸುಲಭವಾಗಿರಲಿಲ್ಲ.

“ಅಡ್ಡಿ ಏನಿತ್ತು?” ಎಂದು ಕೇಳಿದೆ.

“ಕಾನೂನು,” ಎಂದರು. ಮನೆ ಕಟ್ಟಿದರೆ ಕಾರು ನಿಲ್ಲಿಸುವ ಜಾಗವನ್ನೂ ತೋರಿಸಬೇಕು ಎಂದು ರಾಜ್ಯದ ಕಟ್ಟಡ ಕಾಯ್ದೆ ಹೇಳುತ್ತಿತ್ತು. ಕಾರೇ ಇಲ್ಲದವರಿಗೂ ಅದೇ ನಿಯಮ. ಕಾಯ್ದೆ ಬದಲಾಗಲೆಂದು ಕಾಯುತ್ತಾ ಕೂರದೆ ಜನ ಒಂದು ಸಂಘ ಕಟ್ಟಿದರು. ಸಂಘ ಒಂದು ತುಂಡು ನೆಲವನ್ನು ಕಾದಿರಿಸಿತು: ಮುಂದೆ ಎಲ್ಲರೂ ಕಾರು ಕೊಂಡರೆ ಅಲ್ಲಿ ಗ್ಯಾರೇಜು ಕಟ್ಟಬಹುದು. ಕಾಗದದ ಮೇಲೆ ಜಾಗ ಸಿಕ್ಕಿತು, ಕಾನೂನು ಒಪ್ಪಿತು. ಕಾರಿಲ್ಲದವರು ಆ ನೆಲದ ಪಾಲಿಗೆ ಒಮ್ಮೆ ಸ್ವಲ್ಪ ಹಣ ಕಟ್ಟಿ, ಕಾರಿಲ್ಲವೆಂದು ಬರೆದುಕೊಡುತ್ತಾರೆ. ಕಾರು ಬೇಕೆನ್ನುವವರು ಅಂಚಿನ ಗ್ಯಾರೇಜಿನಲ್ಲಿ ಜಾಗವನ್ನು ಬೇರೆಯಾಗಿಯೇ ಕೊಳ್ಳಬೇಕು. ಆ ದುಬಾರಿ ಬೆಲೆ ಮನೆಯ ಬೆಲೆಯೊಳಗೆ ಅಡಗಿಲ್ಲ.

“ಟ್ರಾಮ್ ಬಂದದ್ದು 2006ರಲ್ಲಿ. ಅದಕ್ಕೂ ಮೊದಲೇ ನಾವು ಬಂದಿದ್ದೆವು, ಬಸ್ಸು, ಸೈಕಲ್ಲುಗಳಲ್ಲೇ ಕಾಲ ಕಳೆದೆವು,” ಎಂದರು. ಹುಲ್ಲು ಹಾಸಿದ ಹಳಿಯ ಮೇಲೆ ಅದೇ ಹೊತ್ತಿಗೆ ಟ್ರಾಮೊಂದು ಸದ್ದಿಲ್ಲದೆ ಹಾದುಹೋಯಿತು.

ಕಾದಿರಿಸಿದ ನೆಲವನ್ನು ತೋರಿಸಿ ಎಂದೆ. ಕರೆದೊಯ್ದರು. ಗ್ಯಾರೇಜು ಇನ್ನೂ ಬಂದಿಲ್ಲ. ಒದ್ದೆ ಹುಲ್ಲು, ಒಂದು ಮರ, ಅದರ ಕೆಳಗೆ ಯಾರೋ ಬಿಟ್ಟುಹೋದ ಚೆಂಡು. ಇಂಥದ್ದೊಂದನ್ನು ನಮ್ಮ ಊರಿನಲ್ಲಿ ಯಾರೂ ಯೋಚಿಸಲಿಲ್ಲವಲ್ಲ ಎಂದು ಕಣ್ಣು ತುಂಬಿತು.

“ನಿಮ್ಮ ಮನೆಗೂ ಕಾರು ನಿಲ್ಲಿಸುವ ಜಾಗವಿದೆಯೇ?” ಎಂದು ಅಜ್ಜಿ ಕೇಳಿದರು.

ಇದೆ ಎಂದೆ. ಫ್ಲ್ಯಾಟಿನ ಜೊತೆಗೇ ಎರಡು ಬಂದವು. ಮಾವನವರು ತೀರಿಕೊಂಡ ಮೇಲೆ ಒಂದು ಖಾಲಿಯೇ ಬಿದ್ದಿದೆ.

“ಹಾಗಾದರೆ ಅಲ್ಲಿ ಏನಾದರೂ ಬೆಳೆಸಬಹುದಲ್ಲ.”

“ಅದು ನೆಲಮಾಳಿಗೆ,” ಎಂದೆ. “ಬಿಸಿಲು ಬೀಳುವುದಿಲ್ಲ.”

ಅಣ್ಣನ ಮಗ ಅದನ್ನು ಜರ್ಮನ್‌ನಲ್ಲಿ ಹೇಳಿದಾಗ ಅಜ್ಜಿ ಏನೂ ಮಾತಾಡದೆ ನನ್ನ ಕೈ ಹಿಡಿದುಕೊಂಡರು.