ಸ್ಲೀಪ್‌ಗೆ ಎಷ್ಟು ಸೆಕೆಂಡ್ ಕೊಡಬೇಕು?

ಶೆಲ್ ಸ್ಕ್ರಿಪ್ಟ್ (ಒಂದಾದ ಮೇಲೊಂದು ಓಡುವ ಕಮಾಂಡ್‌ಗಳ ಕಡತ) ಬರೆಯಲು ಶುರು ಮಾಡಿದವರು ನನ್ನನ್ನು ಪದೇ ಪದೇ ಕೇಳುವುದು ಇದನ್ನೇ: ‘ಸ್ಕ್ರಿಪ್ಟನ್ನು ನಡುವೆ ಸ್ವಲ್ಪ ಹೊತ್ತು ನಿಲ್ಲಿಸುವುದು ಹೇಗೆ, ಎಷ್ಟು ಸೆಕೆಂಡ್ ಕೊಟ್ಟರೆ ಸಾಕು?’

ನಿಲ್ಲಿಸುವುದು ಸುಲಭ. ‘ಸ್ಲೀಪ್ 5’ ಎಂದು ಬರೆದರೆ 5 ಸೆಕೆಂಡ್ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಗ್ನೂ ಸ್ಲೀಪ್ 0.5 ಎಂದರೂ ಒಪ್ಪುತ್ತದೆ. ಸಂಖ್ಯೆಗೆ ‘ಎಂ’ ಅಂಟಿಸಿದರೆ ನಿಮಿಷ, ‘ಎಚ್’ ಅಂಟಿಸಿದರೆ ಗಂಟೆ. ಆದರೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪಾಸಿಕ್ಸ್ ಭರವಸೆ ಕೊಡುವುದು ಪೂರ್ಣ ಸೆಕೆಂಡುಗಳಿಗೆ ಮಾತ್ರ. ಹಲವು ಬಗೆಯ ಯಂತ್ರಗಳಲ್ಲಿ ಓಡಬೇಕಾದ ಸ್ಕ್ರಿಪ್ಟ್ ಆದರೆ 2 ನಿಮಿಷಕ್ಕೆ 120 ಎಂದೇ ಬರೆಯಿರಿ.

ಎಷ್ಟು ಎನ್ನುವುದಕ್ಕೆ ನನ್ನದು ಮರುಪ್ರಶ್ನೆ: ಕಾಯುತ್ತಿರುವುದು ಯಾವುದಕ್ಕೆ? ಹೆಚ್ಚಿನವರು ಡೇಟಾಬೇಸ್ ಏಳಲಿ ಎಂದು ‘ಸ್ಲೀಪ್ 10’ ಹಾಕಿರುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಅದು 3 ಸೆಕೆಂಡಿಗೇ ಎದ್ದರೆ ಉಳಿದ 7 ದಂಡ. ಉಸಿರುಗಟ್ಟಿರುವ ಸರ್ವರ್‌ನಲ್ಲಿ 15 ಹಿಡಿದರೆ ಮುಂದಿನ ಸಾಲೇ ಮುಗ್ಗರಿಸುತ್ತದೆ. ಆಗ 10 ಹೋಗಿ 30 ಆಗುತ್ತದೆ, ಇನ್ನೊಬ್ಬರು ಬಂದು 60 ಮಾಡುತ್ತಾರೆ, ಯಾಕೆಂದು ಯಾರಿಗೂ ನೆನಪಿರುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆಯಲ್ಲೇ ‘ಪಿಜಿ_ಈಸ್‌ರೆಡಿ’ ಎಂಬ ಕಮಾಂಡ್ ಬರುತ್ತದೆ. ಸರ್ವರ್ ಸಂಪರ್ಕಕ್ಕೆ ತಯಾರಿದ್ದರೆ 0, ಅಂದರೆ ಯಶಸ್ಸಿನ ಸಂಕೇತ, ಕೊಡುತ್ತದೆ. ಅದನ್ನು, ಯಶಸ್ಸು ಸಿಗುವವರೆಗೆ ಸುತ್ತುವ ‘ಅನ್‌ಟಿಲ್’ ಲೂಪ್‌ನಲ್ಲಿ ಕೇಳುತ್ತಿರಿ, ಪ್ರತಿ ಸುತ್ತಿಗೂ ‘ಸ್ಲೀಪ್ 1’ ಇರಲಿ. ಸುತ್ತುಗಳಿಗೊಂದು ಮಿತಿಯನ್ನೂ ಹಾಕಿ, ಇಲ್ಲವಾದರೆ ಡೇಟಾಬೇಸ್ ಏಳದ ದಿನ ಸ್ಕ್ರಿಪ್ಟ್ ಅಲ್ಲೇ ಗಿರಕಿ ಹೊಡೆಯುತ್ತದೆ.

ನೀವೇ ಹಿನ್ನೆಲೆಗೆ ಬಿಟ್ಟ ಕೆಲಸ ಮುಗಿಯಬೇಕೆಂದರೆ ‘ವೇಟ್’ ಇದೆ. ಎದುರಿಗಿರುವವರು ಎಂಟರ್ ಒತ್ತಲಿ ಎಂದರೆ ‘ರೀಡ್’. ಬ್ಯಾಷ್ ಎಂಬ ಶೆಲ್‌ನಲ್ಲಿ ಅದಕ್ಕೆ ‘-ಟಿ 10’ ಸೇರಿಸಿದರೆ 10 ಸೆಕೆಂಡ್ ಕಾದು ಮುಂದೆ ಹೋಗುತ್ತದೆ. ಹಾಗೆಂದು ಬರೀ ಸ್ಲೀಪ್ ಕೆಟ್ಟದ್ದೇನಲ್ಲ. ಸೆಕೆಂಡಿಗೆ ಒಂದೇ ವಿನಂತಿ ಕಳಿಸಿ ಎನ್ನುವ ಎಪಿಐ (ಪ್ರೋಗ್ರಾಂಗಳು ಮಾತಾಡುವ ಸೇವೆ) ಮುಂದೆ ಅದೇ ಸರಿಯಾದ ಉತ್ತರ.

ಒಂದು ಕಡೆ ಮಾತ್ರ ಅದು ಸತಾಯಿಸುತ್ತದೆ. ಬ್ಯಾಷ್ ಸ್ಕ್ರಿಪ್ಟ್ ‘ಸ್ಲೀಪ್ 3600’ರಲ್ಲಿ ಇರುವಾಗ ‘ನಿಲ್ಲು’ ಎನ್ನುವ ಟರ್ಮ್ ಸಿಗ್ನಲ್ ಬಂದರೆ, ಆಗ ಓಡಲೆಂದು ನೀವು ಬರೆದಿಟ್ಟ ‘ಟ್ರ್ಯಾಪ್’ ಓಡುವುದು ಆ ಸ್ಲೀಪ್ ಮುಗಿದ ಮೇಲೆಯೇ. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್, ನಿಲ್ಲಿಸಲು ಹೇಳಿದಾಗ ಈ ಸಿಗ್ನಲ್ ಕಳಿಸಿ, ಸಾಮಾನ್ಯವಾಗಿ 10 ಸೆಕೆಂಡ್ ಕಾದು ಕಂಟೇನರನ್ನು ಕೊಂದೇಬಿಡುತ್ತದೆ; ನಿಮ್ಮ ಟ್ರ್ಯಾಪ್‌ಗೆ ಸರದಿ ಬರುವುದೇ ಇಲ್ಲ. ಸ್ಲೀಪನ್ನು & ಹಾಕಿ ಹಿನ್ನೆಲೆಗೆ ಕಳಿಸಿ, ಮುಂದಿನ ಸಾಲಿನಲ್ಲಿ ‘ವೇಟ್ $!’ ಎಂದು ಬರೆಯಿರಿ ($! ಎಂದರೆ ಕೊನೆಗೆ ಹಿನ್ನೆಲೆಗೆ ಬಿಟ್ಟ ಕೆಲಸದ ಸಂಖ್ಯೆ). ಸಿಗ್ನಲ್ ಬಂದ ಕೂಡಲೇ ವೇಟ್ ಏಳುತ್ತದೆ, ಟ್ರ್ಯಾಪ್ ಓಡುತ್ತದೆ. ಸ್ಲೀಪ್ ಮಾತ್ರ ಹಿಂದೆ ಮಲಗಿಯೇ ಇರುತ್ತದೆ, ಅದನ್ನು ಟ್ರ್ಯಾಪ್‌ನೊಳಗೇ ‘ಕಿಲ್’ ಮಾಡಿ.