ಒಂದೇ ಸಿಬಿಡಿ, ಮೂರು ಕಾನೂನು

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ವಿಸಿಂಗ್ಟನ್ ಅಂತ ಒಂದು ಜಾಗವಿದೆ. ಅಲ್ಲಿ ದೊಡ್ಡ ಸಕ್ಕರೆ ಕಾರ್ಖಾನೆ, ಪಕ್ಕದಲ್ಲೇ 18 ಹೆಕ್ಟೇರಿನ ಗಾಜಿನ ಮನೆ. ಕಾರ್ಖಾನೆಯ ಬಿಸಿಯನ್ನೇ ಬಳಸಿಕೊಂಡು ಅದರಲ್ಲಿ ಟೊಮೆಟೊ ಬೆಳೆಯುತ್ತಿದ್ದರು. 2017ರಲ್ಲಿ ಟೊಮೆಟೊ ಹೋಗಿ ಗಾಂಜಾ ಬಂತು. ಕದ್ದುಮುಚ್ಚಿ ಅಲ್ಲ, ಗೃಹ ಇಲಾಖೆಯ ಲೈಸೆನ್ಸ್ ಪಡೆದೇ.

ನಶೆ ಏರಿಸುವ ಟಿಎಚ್‌ಸಿ ಆ ಗಿಡದಲ್ಲಿ ತೀರಾ ಕಡಿಮೆ. ಬೇಕಾಗಿದ್ದದ್ದು ಸಿಬಿಡಿ ಎಂಬ, ನಶೆ ಏರಿಸದ ಇನ್ನೊಂದು ಅಂಶ. ಜಿಡಬ್ಲ್ಯು ಫಾರ್ಮಾಸ್ಯುಟಿಕಲ್ಸ್ ಅದರಿಂದ ಮಕ್ಕಳ ಕಠಿಣ ಫಿಟ್ಸಿಗೆ ಎಪಿಡಿಯೊಲೆಕ್ಸ್ ಎಂಬ ಔಷಧ ಮಾಡಿತು. ಅಮೆರಿಕದಲ್ಲಿ 2018ರಲ್ಲಿ, ಯುರೋಪಿನಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. 2021ರಲ್ಲಿ ಜಾಝ್ ಫಾರ್ಮಾ ಈ ಕಂಪನಿಯನ್ನು 720 ಕೋಟಿ ಡಾಲರಿಗೆ ಕೊಂಡಿತು.

ತಮಾಷೆ ನೋಡಿ. ವಿಶ್ವಸಂಸ್ಥೆಯ ಮಾದಕವಸ್ತು ಮಂಡಳಿಯ ಲೆಕ್ಕದಲ್ಲಿ 2016ರಲ್ಲಿ ಜಗತ್ತಲ್ಲೇ ಅತಿ ಹೆಚ್ಚು ಕಾನೂನುಬದ್ಧ ಗಾಂಜಾ ಬೆಳೆದ ದೇಶ ಬ್ರಿಟನ್, 95 ಟನ್. ಅದೇ ಹೊತ್ತಿಗೆ ಬ್ರಿಟನ್ನಿನ ಕಾನೂನು ಗಾಂಜಾವನ್ನು ಔಷಧ ಗುಣವಿಲ್ಲದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿತ್ತು. (ಮುಂದೆ ಮಾದಕವಸ್ತು ನೀತಿ ನೋಡಿಕೊಂಡ ಮಂತ್ರಿಯ ಗಂಡ ಆ ಸಕ್ಕರೆ ಕಂಪನಿಯ ಮುಖ್ಯಸ್ಥ. ಹಾಗಾಗಿ ಅವರು ಗಾಂಜಾ ವಿಷಯದಿಂದ ದೂರ ಉಳಿದರು.) 2018ರ ಜೂನ್‌ನಲ್ಲಿ ಫಿಟ್ಸ್ ಇರುವ ಒಬ್ಬ ಹುಡುಗನ ಗಾಂಜಾ ಎಣ್ಣೆಯನ್ನು ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರು. ದೊಡ್ಡ ಗಲಾಟೆಯಾಯಿತು. ನವೆಂಬರ್ 1ಕ್ಕೆ ಕಾನೂನು ಬದಲಾಯಿತು.

ಬದಲಾಯಿತು ಅಂದರೆ ಬಾಗಿಲು ಪೂರ್ತಿ ತೆರೆಯಿತು ಅಂತಲ್ಲ. ನಾನು ಇಲ್ಲಿ ಬ್ರಿಟನ್ನಿನ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೇನೆ. ಎಪಿಡಿಯೊಲೆಕ್ಸ್‌ನ ಹಾಗೆ ಔಷಧವೆಂದು ಪರವಾನಗಿ ಪಡೆಯದ ಗಾಂಜಾ ಎಣ್ಣೆಗೆ ಸ್ಪೆಷಲಿಸ್ಟ್ ಡಾಕ್ಟರೇ ಮೊದಲು ತೀರ್ಮಾನಿಸಿ ಬರೆಯಬೇಕು. ಚೀಟಿಯಲ್ಲಿ ಪ್ರಮಾಣ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು, 28 ದಿನದೊಳಗೆ ಔಷಧ ಕೊಡಬೇಕು, ಪ್ರತಿ ಬಾಟಲಿ ರಿಜಿಸ್ಟರಿಗೆ ಏರಬೇಕು. ಎಪಿಡಿಯೊಲೆಕ್ಸ್‌ಗೆ 2020ರಿಂದ ಚೀಟಿ, ರಿಜಿಸ್ಟರಿನ ಈ ರಗಳೆ ಇಲ್ಲ. ಇನ್ನು ಹೊರಗೆ ಹೈಸ್ಟ್ರೀಟಿನ ಅಂಗಡಿಯಲ್ಲಿ ಸಿಬಿಡಿ ಎಣ್ಣೆ ವಿಟಮಿನ್ ಡಬ್ಬಿಗಳ ಜೊತೆ ಕೂತಿರುತ್ತೆ. ಅದು ಆಹಾರದ ಲೆಕ್ಕ! ಮೂರರಲ್ಲೂ ಸಿಬಿಡಿ ಇರಬಹುದು, ಕಾನೂನು ಮಾತ್ರ ಮೂರು.

ಪೇಟೆಂಟಿನ ಕಥೆ ಇನ್ನೂ ಸ್ವಾರಸ್ಯ. ಗಿಡದಲ್ಲಿ ಇದ್ದ ಹಾಗೇ ಇರುವ ಸಿಬಿಡಿಯನ್ನು ಈಗ ಯಾರೂ ತಮ್ಮದು ಅನ್ನುವ ಹಾಗಿಲ್ಲ. ಅದರ ರಚನೆಯನ್ನು ಇಸ್ರೇಲಿನ ವಿಜ್ಞಾನಿ ಮೆಖೌಲಮ್ 1963ರಲ್ಲೇ ಬಿಡಿಸಿದ್ದರು. ಫಿಟ್ಸಿಗೂ ಗಾಂಜಾಕ್ಕೂ ಇರುವ ನಂಟು ಇನ್ನೂ ಹಳೆಯದು. 1839ರ ಹೊತ್ತಿಗೆ ಕಲ್ಕತ್ತೆಯಲ್ಲಿ ಓಶಾನೆಸಿ ಎಂಬ ಡಾಕ್ಟರು ಫಿಟ್ಸ್ ಬಂದ ಹಸುಗೂಸಿಗೆ ಗಾಂಜಾ ಟಿಂಕ್ಚರ್ ಕೊಟ್ಟದ್ದನ್ನು ಬರೆದಿಟ್ಟಿದ್ದಾರೆ. ಹಾಗಿದ್ದರೆ ಪೇಟೆಂಟ್ ಯಾವುದಕ್ಕೆ? 'ಇಂಥ ಕಾಯಿಲೆಗೆ, ಇಂಥ ಪ್ರಮಾಣದಲ್ಲಿ' ಎಂಬ ಬಳಕೆಗೆ. ಯುರೋಪಿನಲ್ಲಿ ಗೊತ್ತಿರುವ ವಸ್ತುವಿನ ಹೊಸ ಔಷಧ ಬಳಕೆಗೂ ಪೇಟೆಂಟ್ ಸಿಗುತ್ತದೆ. ಭಾರತದಲ್ಲಿ ಪೇಟೆಂಟ್ ಕಾಯ್ದೆಯ 3(ಡಿ) ಕಲಂ ಬರೀ ಹೊಸ ಬಳಕೆಗೆ ಪೇಟೆಂಟ್ ಕೊಡಬೇಡ ಅನ್ನುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟು ನೋವಾರ್ಟಿಸ್ ಕಂಪನಿಗೆ ಗ್ಲಿವೆಕ್ ಎಂಬ ಕ್ಯಾನ್ಸರ್ ಔಷಧದ ಪೇಟೆಂಟ್ ನಿರಾಕರಿಸಿದ್ದೂ ಇದೇ ಕಲಂ ಹಿಡಿದು.

ಹಾಗಂತ ಕಂಪನಿ ಸುಮ್ನೆ ನಮ್ಮ ಗಿಡ ಕದ್ದಿತು ಅನ್ನುವವರ ಜೊತೆ ನಾನಿಲ್ಲ. ಪ್ರತಿ ಬಾಟಲಿಯಲ್ಲೂ ಒಂದೇ ಅಳತೆ ಬರುವಂತೆ ಮಾಡಿ, ಟ್ರಯಲ್ ನಡೆಸಿ ತೋರಿಸುವುದು ಸಣ್ಣ ಕೆಲಸವಲ್ಲ. ಆದರೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 32,500 ಡಾಲರ್ ಬೆಲೆ ಇಟ್ಟದ್ದು ಬರೀ ಆ ಶ್ರಮದ ಲೆಕ್ಕವಲ್ಲ ಅಲ್ವಾ?

ಊರಿಂದ ಕೆಲವರು 'ಬರುವಾಗ ಒಂದು ಬಾಟಲಿ ಸಿಬಿಡಿ ತಗೊಂಡು ಬಾ, ಮಗುವಿಗೆ ಫಿಟ್ಸ್ ಇದೆ' ಅನ್ನುತ್ತಾರೆ. ನಾನು ತರುವುದಿಲ್ಲ. ಅಂಗಡಿ ಎಣ್ಣೆಗೆ ಇಲ್ಲಿನ ಆಹಾರ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೇ ದಿನಕ್ಕೆ 10 ಮಿಲಿಗ್ರಾಂ. ಎಪಿಡಿಯೊಲೆಕ್ಸ್‌ನಲ್ಲಿ 20 ಕೆಜಿ ತೂಕದ ಮಗುವಿಗೆ ದಿನಕ್ಕೆ 200 ಮಿಲಿಗ್ರಾಂ ಬೇಕಾಗುತ್ತದೆ. ಮೇಲಾಗಿ ಮಗು ವ್ಯಾಲ್ಪ್ರೊಯೇಟ್ ಎಂಬ ಫಿಟ್ಸ್ ಔಷಧ ತಗೊಳ್ಳುತ್ತಿದ್ದರೆ, ಆ ಪ್ರಮಾಣದ ಸಿಬಿಡಿ ಜೊತೆಗೆ ಲಿವರ್‌ಗೆ ಪೆಟ್ಟು ಬೀಳುವ ಅಪಾಯ ಜಾಸ್ತಿ. ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ನಿಮ್ಮ ನ್ಯೂರಾಲಜಿಸ್ಟ್ ಹತ್ತಿರ ಮಾತಾಡಿ. ಅಲ್ಲಿಯವರೆಗೆ ಈಗಿರುವ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.